ಹಳ್ಳಿ ಕಡೆಯ ಎಂಜಿನಿಯರಿಂಗ್ ಕಾಲೇಜೋ, ಹುಬ್ಬಳ್ಳಿ-ಧಾರವಾಡದ ಕಾಲೇಜೋ? ಸೀಟು ಹಿಡಿಯುವ ಮುಂಚೆ ಹಾಕಬೇಕಾದ ಲೆಕ್ಕ

ಸಿಇಟಿ ರ್ಯಾಂಕು ಬಂದ ವಾರ ನಮ್ಮ ಕಡೆ ಬಹಳ ಮನೆಗಳಲ್ಲಿ ಒಂದೇ ಮಾತು. ರ್ಯಾಂಕು ಲಕ್ಷದ ಆಸುಪಾಸು. ಧಾರವಾಡದ ಎಸ್‌ಡಿಎಂ, ಹುಬ್ಬಳ್ಳಿಯ ಕೆಎಲ್‌ಇ ಟೆಕ್ (ಹಳಬರ ಬಾಯಲ್ಲಿ ಇವತ್ತಿಗೂ ಅದು ಬಿವಿಬಿ) ಇಲ್ಲೆಲ್ಲ ಬೇಕಾದ ಬ್ರ್ಯಾಂಚು ಆ ರ್ಯಾಂಕಿಗೆ ಸಿಗುವುದು ಕಷ್ಟ. ಹುಲಕೋಟಿ, ವರೂರು, ಲಕ್ಷ್ಮೇಶ್ವರದ ಕಡೆ ನೋಡಿದರೆ ದಾರಿ ಕಾಣುತ್ತದೆ, ಫೀ ಕೂಡ ಮನೆಗೆ ತಡೆಯುತ್ತದೆ. ಅಷ್ಟರಲ್ಲಿ ಯಾರೋ ಕಾಕಾ ಫೋನ್ ಮಾಡುತ್ತಾರೆ: “ಹಳ್ಳಿ ಕಾಲೇಜಿನಾಗ ಓದಿದ್ರ ಯಾರ್ ಕೆಲಸ ಕೊಡ್ತಾರೋ? ಸಾಲಾ ಮಾಡ್ಯರ ಹುಬ್ಬಳ್ಳ್ಯಾಗ ಮ್ಯಾನೇಜ್‌ಮೆಂಟ್ ಸೀಟು ತಗೋ.”

ಕಾಕಾನ ಕಾಳಜಿ ನಿಜ. ಆದರೆ ಆ ಸಲಹೆ ಎಲ್ಲರಿಗೂ ಸರಿಹೊಂದುವುದಿಲ್ಲ. ಕಾಲೇಜು ಹಳ್ಳಿಯಲ್ಲಿದೆಯೋ ಶಹರದಲ್ಲಿದೆಯೋ ಅನ್ನುವುದಕ್ಕಿಂತ, ನೀವು ಸೇರುವ ಆ ಒಂದು ಬ್ರ್ಯಾಂಚಿನ ವಿಭಾಗದಲ್ಲಿ ಕಲಿಸುವವರು ನಿಂತಿದ್ದಾರಾ, ಲ್ಯಾಬು ನಡೆಯುತ್ತಾ ಅನ್ನುವುದೇ ದೊಡ್ಡದು. ಅವೆರಡೂ ಇದ್ದರೆ ಫೀ ಕಡಿಮೆ ಇರುವ ಹಳ್ಳಿ ಕಾಲೇಜು ಒಳ್ಳೆಯ ಆಯ್ಕೆ. ಇಲ್ಲದಿದ್ದರೆ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಅದನ್ನು ತಿಳಿಯುವುದು ಹೇಗೆ ಅಂತ ಬರೆಯುತ್ತಿದ್ದೇನೆ.

ನಮ್ಮ ಸುತ್ತಮುತ್ತ ಇರುವುದು ಏನೇನು

ಗದಗ, ಹಾವೇರಿ, ಧಾರವಾಡ ಜಿಲ್ಲೆ ಸೇರಿದರೆ ಎಲ್ಲ ಬಗೆಯ ಕಾಲೇಜೂ ಸಿಗುತ್ತವೆ. ಹಾವೇರಿ ಪಕ್ಕದ ದೇವಗಿರಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಗದಗಿನವರಿಗೆ ಇನ್ನೊಂದು ಸರ್ಕಾರಿ ಕಾಲೇಜು ಹತ್ತಿರವಿದೆ, ಕೊಪ್ಪಳ ಜಿಲ್ಲೆಯ ತಳಕಲ್ಲಿನಲ್ಲಿ. ಇದು ಬಹಳ ಜನರ ನೆನಪಿಗೇ ಬರುವುದಿಲ್ಲ. ಒಂದು ಎಚ್ಚರ: ಕೊಪ್ಪಳ ಕಲ್ಯಾಣ ಕರ್ನಾಟಕಕ್ಕೆ ಸೇರಿದ್ದು, ಅಲ್ಲಿ ಸಂವಿಧಾನದ 371(ಜೆ) ವಿಧಿಯಡಿ ಆ ಭಾಗದವರಿಗೆ ಮೀಸಲಾತಿ ಇದೆ. ಗದಗ, ಧಾರವಾಡ, ಹಾವೇರಿಯವರಿಗೆ ಆ ಮೀಸಲಾತಿ ಇಲ್ಲ. ಹಾಗಾಗಿ ಕಟಾಫ್ (ಸೀಟು ಸಿಕ್ಕ ಕೊನೆಯ ರ್ಯಾಂಕು) ನೋಡುವಾಗ ನಿಮಗೆ ಅನ್ವಯಿಸುವ ಕಾಲಂ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ.

ಖಾಸಗಿಯಲ್ಲಿ ಹುಲಕೋಟಿಯ ರೂರಲ್ ಎಂಜಿನಿಯರಿಂಗ್ ಕಾಲೇಜು, ಹುಬ್ಬಳ್ಳಿ ತಾಲ್ಲೂಕಿನ ವರೂರಿನ ಎಜಿಎಂ ರೂರಲ್ ಕಾಲೇಜು, ಲಕ್ಷ್ಮೇಶ್ವರದ ಅಗಡಿ ಕಾಲೇಜು, ಗದಗಿನ ತೋಂಟದಾರ್ಯ, ರಾಣೆಬೆನ್ನೂರಿನ ಎಸ್‌ಟಿಜೆ ಇವೆ. ಇವು ಬೆಳಗಾವಿಯ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯ ಕಾಲೇಜುಗಳು. ಧಾರವಾಡದ ಎಸ್‌ಡಿಎಂ 1979ರದ್ದು. ಅದು ಸ್ವಾಯತ್ತ, ಅಂದರೆ ಪಠ್ಯ, ಪರೀಕ್ಷೆ ಅವರದೇ, ಪದವಿ ಮಾತ್ರ ವಿಟಿಯುದು. ಬಿವಿಬಿ 1947ರಲ್ಲಿ ಶುರುವಾಗಿ 2015ರಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಅಲ್ಲಿ ಪದವಿಯೂ ಅವರದೇ, ಫೀ ಲೆಕ್ಕವೂ ಬೇರೆ.

ಕಾಕಾನಿಗೆ ಹೇಳಬೇಕಾದ ಮೊದಲ ಮಾತು ಇಲ್ಲಿದೆ. ವಿಟಿಯು ಅಡಿಯ, ಸ್ವಾಯತ್ತವಲ್ಲದ ಕಾಲೇಜುಗಳಲ್ಲಿ ಸೆಮಿಸ್ಟರ್ ಕೊನೆಯ ಪರೀಕ್ಷೆಯ ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ. ಹಳ್ಳಿಯ ಕಾಲೇಜಿನಲ್ಲಿ ಕೂತವನೂ ಬೆಂಗಳೂರಿನಲ್ಲಿ ಕೂತವನೂ ಅದೇ ದಿನ ಅದೇ ಪೇಪರ್ ಬರೆಯುತ್ತಾರೆ. ಕೈಗೆ ಬರುವ ಪದವಿ ಒಂದೇ. ಹಾಗಾಗಿ ಶಹರದಲ್ಲಿದ್ದರೂ ವಿಟಿಯು ಅಡಿಯ ಸಾಧಾರಣ ಕಾಲೇಜಿಗೆ ಸಾಲ ಮಾಡಿ ಸೇರುವುದಕ್ಕೆ ಓದಿನ ಕಾರಣ ಬಹಳ ಉಳಿಯುವುದಿಲ್ಲ. ಸ್ವಾಯತ್ತ ಕಾಲೇಜು ಅಥವಾ ಒಳ್ಳೆಯ ಹೆಸರಿನ ವಿಶ್ವವಿದ್ಯಾಲಯದ ಮಾತು ಬೇರೆ. ಅಲ್ಲಿ ಸಿಇಟಿ ಸೀಟೇ ಸಿಕ್ಕರೆ, ಮನೆಗೆ ಭಾರವಾಗದಿದ್ದರೆ, ಹೋಗಿ.

ನಾಲ್ಕು ವರ್ಷದ ದುಡ್ಡು

ಎಲ್ಲರೂ ಮೊದಲ ವರ್ಷದ ಫೀ ನೋಡುತ್ತಾರೆ. ನೋಡಬೇಕಾದ್ದು ನಾಲ್ಕು ವರ್ಷದ್ದು, ಅದೂ ಫೀ ಒಂದನ್ನೇ ಅಲ್ಲ. ಸಿಇಟಿ ಸೀಟಿನ ಫೀ ಎಷ್ಟು ಅಂತ ಸಿಇಟಿ ನಡೆಸುವ ಕೆಇಎ ಪ್ರತಿ ವರ್ಷ ಪಟ್ಟಿ ಕೊಡುತ್ತದೆ. ಅದರ ಮೇಲೆ ಕಾಲೇಜು ಕೇಳುವ ಇತರ ಫೀ, ಯೂನಿಫಾರ್ಮು, ಬಸ್ಸು, “ಟ್ರೇನಿಂಗ್ ಚಾರ್ಜ್” ಇವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಬಾಯಿಮಾತು ಸಾಲದು. ಎರಡನೇ ವರ್ಷದಿಂದ ಫೀ ಏರುತ್ತದಾ ಅಂತಲೂ ಕೇಳಿ.

ಆಮೇಲೆ ಊಟ, ವಸತಿ. ಒಂದು ಲೆಕ್ಕ ಹಾಕೋಣ. ಅಂಕಿ ಅಂದಾಜಿನವು, ನಿಮ್ಮದನ್ನು ನೀವು ಹಾಕಿಕೊಳ್ಳಿ. ಹುಬ್ಬಳ್ಳಿಯಲ್ಲಿ ರೂಮು ಮತ್ತು ಮೆಸ್ಸಿಗೆ ತಿಂಗಳಿಗೆ 6,500 ಅಂತ ಇಟ್ಟರೆ ವರ್ಷಕ್ಕೆ 10 ತಿಂಗಳಂತೆ ನಾಲ್ಕು ವರ್ಷಕ್ಕೆ 2,60,000 ಆಗುತ್ತದೆ. ಮನೆಯಿಂದ ಬುತ್ತಿ ಕಟ್ಟಿಕೊಂಡು ಓಡಾಡುವ ಹುಡುಗನಿಗೆ ತಿಂಗಳಿಗೆ 1,000 ಹಿಡಿದರೂ 40,000. ವ್ಯತ್ಯಾಸ 2,20,000. ಇದು ಡೊನೇಷನ್ ಮಾತು ಬರುವ ಮುಂಚಿನ ಲೆಕ್ಕ.

ಹುಡುಗಿಯರಿಗೆ ಲೆಕ್ಕ ಇನ್ನೂ ಹಗುರ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ವಾಯವ್ಯ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ ಇಲ್ಲ. ಅಣ್ಣಿಗೇರಿಯಿಂದ ಹುಲಕೋಟಿಗೆ, ಬ್ಯಾಡಗಿಯಿಂದ ದೇವಗಿರಿಗೆ ಓಡಾಡಲು ದುಡ್ಡು ಬೇಕಿಲ್ಲ. ಹುಡುಗರಿಗೆ ಸ್ಟೂಡೆಂಟ್ ಪಾಸ್ ಇದೆ. ಹುಲಕೋಟಿಯಲ್ಲಿ ರೈಲು ನಿಲ್ದಾಣವೂ ಇದೆ, ಹುಬ್ಬಳ್ಳಿ-ಗದಗ ಮಾರ್ಗದಲ್ಲಿ.

ಆದರೆ ಬಸ್ಸಿನ ಸಮಯ ನೋಡದೆ ಓಡಾಟಕ್ಕೆ ಒಪ್ಪಬೇಡಿ. ವಿಟಿಯುದಲ್ಲಿ ಹಾಜರಾತಿ 85% ಬೇಕು. ನಿಮ್ಮ ಊರಿನಿಂದ ಬೆಳಿಗ್ಗೆ ಇರುವುದು ಒಂದೇ ಬಸ್ಸು, ಅದೂ ಶಿರಹಟ್ಟಿಯಲ್ಲೋ ಮುಂಡರಗಿಯಲ್ಲೋ ಬದಲಿಸಬೇಕು ಅಂದರೆ ಮಳೆಗಾಲದಲ್ಲಿ ಮೊದಲ ಕ್ಲಾಸು ತಪ್ಪುತ್ತಲೇ ಇರುತ್ತದೆ. ಸಂಜೆ ಲ್ಯಾಬು ಮುಗಿಸಿ ಮನೆ ಮುಟ್ಟುವಾಗ ರಾತ್ರಿಯಾದರೆ ಓದುವುದು ಯಾವಾಗ? ಒಂದು ಕಡೆಗೆ ಒಂದೂವರೆ ಗಂಟೆಗಿಂತ ಜಾಸ್ತಿ ಹಿಡಿದರೆ ಕಾಲೇಜಿನ ಹತ್ತಿರ ರೂಮು ಮಾಡುವುದೇ ವಾಸಿ. ಹಳ್ಳಿಯಲ್ಲಿ ಬಾಡಿಗೆ ಕಡಿಮೆ, ಆದರೆ ಮೆಸ್ಸು, ಖಾನಾವಳಿ ಇದೆಯಾ ನೋಡಿಕೊಳ್ಳಿ.

ಇನ್ನೊಂದು ಕಡೆಗೂ ಲೆಕ್ಕ ತಿರುಗಬಹುದು. ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿಯಲ್ಲಿ ಹಿಂದುಳಿದ ವರ್ಗದ ಇಲಾಖೆಯ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಿವೆ. ಅಲ್ಲಿ ಸೀಟು ಸಿಕ್ಕರೆ ಊಟ, ವಸತಿ ಉಚಿತ. ಆಗ ಶಹರದ ಕಾಲೇಜೇ ಅಗ್ಗವಾದೀತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆ ನೆರವು ಕೊಡುವ ವಿದ್ಯಾಸಿರಿ ಯೋಜನೆ ಇದೆ.

ಫೀ ತಗ್ಗಿಸುವ ದಾರಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಎಸ್‌ಎನ್‌ಕ್ಯೂ ಸೀಟು. ಪ್ರತಿ ಬ್ರ್ಯಾಂಚಿನಲ್ಲಿ ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ 5% ಸೀಟು. ಮನೆಯ ಆದಾಯ 8 ಲಕ್ಷದ ಒಳಗಿದ್ದರೆ ಬೋಧನಾ ಶುಲ್ಕ ಮಾಫಿ. ಹೆಸರಾದ ಕಾಲೇಜುಗಳಲ್ಲಿ ಈ ಸೀಟಿಗೆ ಒಳ್ಳೆಯ ರ್ಯಾಂಕು ಬೇಕು. ಬೇಡಿಕೆ ಕಡಿಮೆ ಇರುವ ಹಳ್ಳಿ ಕಡೆಯ ಕಾಲೇಜಿನಲ್ಲಿ ಸಾಧಾರಣ ರ್ಯಾಂಕಿಗೂ ಅವಕಾಶ ಇರುತ್ತದೆ. ಕೆಇಎ ಇದರ ಕಟಾಫ್ ಬೇರೆಯಾಗಿಯೇ ಕೊಡುತ್ತದೆ, ತೆಗೆದು ನೋಡಿ.

ಹೆಣ್ಣುಮಕ್ಕಳಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000. ಆಯ್ಕೆ ಅಂಕಗಳ ಮೇಲೆ. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಹಾಕಬಹುದು, ಆದಾಯ ಮಿತಿ ಇಲ್ಲೂ 8 ಲಕ್ಷ. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಎಂಜಿನಿಯರಿಂಗ್‌ಗೆ ಹುಡುಗರಿಗೆ 10,000, ಹುಡುಗಿಯರಿಗೆ 11,000 ಅಂತ ನಿಗದಿಯಾಯಿತು. ಅದಕ್ಕೆ ಅಪ್ಪನದೋ ಅವ್ವನದೋ ಎಫ್‌ಐಡಿ (ರೈತರ ಗುರುತಿನ) ನಂಬರ್ ಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ಈಗಲೇ ಮಾಡಿಸಿಟ್ಟುಕೊಳ್ಳಿ.

ಇನ್ನು ಸಾಲ. 5 ಲಕ್ಷ ಸಾಲ, 10% ಬಡ್ಡಿ, 7 ವರ್ಷದ ಕಂತು ಅಂದರೆ ತಿಂಗಳಿಗೆ ಸುಮಾರು 8,300 ಕಟ್ಟಬೇಕು. ಓದುವಾಗ ಬೆಳೆಯುವ ಬಡ್ಡಿ ಇದಕ್ಕಿಂತ ಬೇರೆ. ಮೊದಲ ಕೆಲಸದ ಸಂಬಳ 20 ಸಾವಿರ ಅಂತ ಹಿಡಿದರೆ, ಬೆಂಗಳೂರಿನ ಪಿಜಿ ಬಾಡಿಗೆ ಕೊಟ್ಟ ಮೇಲೆ ಉಳಿಯುವುದು ಎಷ್ಟು? ಈ ಪ್ರಶ್ನೆಯನ್ನು ಮಗನ ಮುಂದೆಯೇ, ಮಗಳ ಮುಂದೆಯೇ ಇಡಿ. ಕಂತು ಕಟ್ಟಬೇಕಾದವರು ಅವರೇ.

ಕಾಲೇಜಿಗೆ ಹೋಗಿ ನೋಡಬೇಕಾದ್ದು

ಎಐಸಿಟಿಇ ಅನುಮೋದನೆ, ನ್ಯಾಕ್ (ಇಡೀ ಕಾಲೇಜಿಗೆ ಕೊಡುವ) ಗ್ರೇಡು, ಎನ್‌ಬಿಎ ಮಾನ್ಯತೆ ಇವನ್ನು ಮೊಬೈಲಿನಲ್ಲೇ ನೋಡಿ ಮುಗಿಸಿ. ಇವುಗಳಲ್ಲಿ ಎನ್‌ಬಿಎಗೆ ಜಾಸ್ತಿ ಬೆಲೆ ಕೊಡಿ, ಯಾಕೆಂದರೆ ಅದು ಬ್ರ್ಯಾಂಚಿನ ಲೆಕ್ಕದಲ್ಲಿ ಸಿಗುತ್ತದೆ. ಕಾಲೇಜಿಗೆ ಎನ್‌ಬಿಎ ಇದೆ ಅಂತ ಬೋರ್ಡಿದ್ದರೆ ಯಾವ ಬ್ರ್ಯಾಂಚಿಗೆ, ಅವಧಿ ಮುಗಿದಿಲ್ಲ ತಾನೇ ಅಂತ ಕೇಳಿ.

ಆದರೆ ಕಾಲೇಜು ನಡೆಯುವ ದಿನ ಒಮ್ಮೆ ಹೋಗಿ ಬರುವುದಕ್ಕೆ ಸಮ ಇನ್ನೊಂದಿಲ್ಲ. ಅಡ್ಮಿಷನ್ ಕೌಂಟರಿನಲ್ಲಿ ಚಹಾ ಕುಡಿಸಿ ಕಳಿಸುತ್ತಾರೆ, ಅಲ್ಲಿಗೇ ನಿಲ್ಲಬೇಡಿ. “ಲ್ಯಾಬ್ ನೋಡಬೇಕ್ರಿ ಸರ” ಅಂತ ನೇರವಾಗಿ ಕೇಳಿ. ಒಳ್ಳೆಯ ವಿಭಾಗದವರು ಖುಷಿಯಿಂದ ತೋರಿಸುತ್ತಾರೆ. ಕೀಲಿ ಯಾರ ಹತ್ತಿರ ಇದೆ ಅಂತಲೇ ಗೊತ್ತಿಲ್ಲದಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಮೆಕ್ಯಾನಿಕಲ್ ವರ್ಕ್‌ಶಾಪಿಗೆ ಹೋದರೆ ಲೇತ್ ಹತ್ತಿರ ಬಗ್ಗಿ ನೋಡಿ. ಕೆಲಸ ಮಾಡುವ ಲೇತಿನ ಹಾಸಿನ ಮೇಲೆ ಎಣ್ಣೆ ಸವರಿರುತ್ತದೆ, ಕೆಳಗಿನ ತಟ್ಟೆಯಲ್ಲಿ ಸುರುಳಿ ಸುರುಳಿಯಾದ ಲೋಹದ ಚೂರು ಬಿದ್ದಿರುತ್ತದೆ. ಮುಟ್ಟದೆ ಬಿಟ್ಟದ್ದಾದರೆ ತುಕ್ಕಿನ ಕಲೆ, ಧೂಳು. ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಪ್ರೋಬ್ ವೈರುಗಳನ್ನು ನೋಡಿ. ದಿನಾ ಬಳಸಿದವು ಹಳೆಯದಾದರೂ ಜೋಡಿಸಿ ನೇತುಹಾಕಿರುತ್ತವೆ. ಕಂಪ್ಯೂಟರ್ ಲ್ಯಾಬಿನಲ್ಲಿ ಒಂದರ ಮುಂದೆ ಕೂತು ಆನ್ ಮಾಡಿ. ಹಿಂದಿನ ಸಾಲಿನಲ್ಲಿ ಎಷ್ಟು ಕೆಟ್ಟು ನಿಂತಿವೆ ನೋಡಿ. ಕರೆಂಟು ಹೋದರೆ ಏನು ವ್ಯವಸ್ಥೆ ಅಂತ ಕೇಳಿ, ನಮ್ಮ ಹಳ್ಳಿಗಳಲ್ಲಿ ಅದು ಸಣ್ಣ ಪ್ರಶ್ನೆ ಅಲ್ಲ.

ಲ್ಯಾಬಿನ ಲಾಗ್ ಪುಸ್ತಕ ಮೇಜಿನ ಮೇಲೆ ಇದ್ದರೆ ತಿರುವಿ ನೋಡಲು ಅನುಮತಿ ಕೇಳಿ. ತಾರೀಖು, ಬ್ಯಾಚು, ಯಂತ್ರದ ನಂಬರು, ಸಹಿ. ಬೇರೆ ಬೇರೆ ಪೆನ್ನು, ಬೇರೆ ಬೇರೆ ಅಕ್ಷರ, ನಡುನಡುವೆ ಕಾಟು ಇದ್ದರೆ ಅದು ನಿಜವಾಗಿ ಬಳಕೆಯಲ್ಲಿರುವ ಪುಸ್ತಕ. ಪುಟಗಟ್ಟಲೆ ಒಂದೇ ಕೈಬರಹ, ಒಂದೇ ಶಾಯಿ ಕಂಡರೆ ಯಾರೋ ತಪಾಸಣೆಗೆ ಅಂತ ಕೂತು ತುಂಬಿಸಿದ್ದಾರೆ.

ಲ್ಯಾಬಿಗಿಂತ ದೊಡ್ಡದು ಕಲಿಸುವವರು. ಎಐಸಿಟಿಇ ಪ್ರಕಾರ 20 ವಿದ್ಯಾರ್ಥಿಗೆ ಒಬ್ಬ ಬೋಧಕರು ಇರಬೇಕು. ಕಾಲೇಜಿನ ವೆಬ್‌ಸೈಟಿನಲ್ಲಿ ಬೋಧಕರ ಪಟ್ಟಿ ಹಾಕಿರುತ್ತಾರೆ. ಅದರ ಪ್ರಿಂಟು ಹಿಡಿದು ಹೋಗಿ. ವಿಭಾಗದ ಬಾಗಿಲ ಹತ್ತಿರದ ಟೈಮ್‌ಟೇಬಲ್‌ನಲ್ಲಿ ಆ ಹೆಸರುಗಳು ಇವೆಯಾ ತಾಳೆ ನೋಡಿ. ಹಳ್ಳಿ ಕಡೆಯ ಖಾಸಗಿ ಕಾಲೇಜುಗಳ ನಿಜವಾದ ಕಷ್ಟ ಇದೇ. ಅಡ್ಮಿಷನ್ ಕಡಿಮೆಯಾದರೆ ಸಂಬಳಕ್ಕೆ ತೊಂದರೆ. ಸಂಬಳ ತಡವಾದರೆ ಒಳ್ಳೆಯ ಮೇಷ್ಟ್ರು ಬಿಟ್ಟು ಹೋಗುತ್ತಾರೆ. ಅವರು ಹೋದರೆ ರಿಸಲ್ಟು ಬೀಳುತ್ತದೆ, ಮುಂದಿನ ವರ್ಷ ಅಡ್ಮಿಷನ್ ಇನ್ನೂ ಕಡಿಮೆ. ಈ ಸುತ್ತಿಗೆ ಸಿಕ್ಕ ವಿಭಾಗವನ್ನು ಫೀ ಎಷ್ಟೇ ಕಡಿಮೆ ಇದ್ದರೂ ಬಿಡಿ.

ಇದನ್ನು ಹೇಳುವವರು ಮೂರನೇ ವರ್ಷದ ವಿದ್ಯಾರ್ಥಿಗಳು. ಬಸ್ ಸ್ಟಾಪಿನಲ್ಲೋ ಕ್ಯಾಂಟೀನಿನಲ್ಲೋ ಸಿಗುತ್ತಾರೆ. ಒಂದು ಕಾಲೇಜಿನ ಎದುರು ಒಬ್ಬ ಹುಡುಗ ನನಗೆ ಹೇಳಿದ್ದು ಹೀಗೆ: “ಸರ್ ಛಲೋ ಕಲಿಸ್ತಿದ್ರು ರೀ, ಸೆಮ್ ನಡುವ ಬಿಟ್ ಹೋದ್ರು. ಆಮ್ಯಾಲ ಯೂಟ್ಯೂಬ್ ನೋಡಿ ಬರದ್ವಿ.” ಅದೇ ಹುಡುಗ ಇನ್ನೊಂದು ವಿಭಾಗದ ಮೇಡಂ ಒಬ್ಬರ ಬಗ್ಗೆ ಅಷ್ಟೇ ಅಭಿಮಾನದಿಂದ ಹೇಳಿದ, ಬ್ಯಾಕ್ (ಫೇಲಾಗಿ ಮತ್ತೆ ಬರೆಯಬೇಕಾದ ವಿಷಯ) ಉಳಿದವರನ್ನು ಕೂರಿಸಿ ಭಾನುವಾರವೂ ಮ್ಯಾಥ್ಸ್ ಹೇಳಿಕೊಡುತ್ತಾರಂತೆ. ಒಂದೇ ಕಾಂಪೌಂಡಿನ ಒಳಗೆ ಎರಡು ಬೇರೆ ಬೇರೆ ಕಾಲೇಜು ಇರುತ್ತವೆ ಅಂದರೂ ತಪ್ಪಿಲ್ಲ. ಅದಕ್ಕೇ ಬ್ರ್ಯಾಂಚಿನ ಹೆಸರು ಹಿಡಿದೇ ವಿಚಾರಿಸಬೇಕು: ಮೊದಲ ವರ್ಷದ ಮ್ಯಾಥ್ಸ್‌ನಲ್ಲಿ ನಿಮ್ಮ ಕ್ಲಾಸಿನಲ್ಲಿ ಎಷ್ಟು ಮಂದಿ ಪಾಸಾದರು? ಬ್ಯಾಕ್ ಇಲ್ಲದೆ ಮೂರನೇ ವರ್ಷಕ್ಕೆ ಬಂದವರು ಎಷ್ಟು? ಹೋದ ವರ್ಷ ನಿಮಗೆ ಕಲಿಸಿದವರಲ್ಲಿ ಈಗ ಎಷ್ಟು ಜನ ಇದ್ದಾರೆ?

ಕನ್ನಡ ಮಾಧ್ಯಮದಿಂದ ಬಂದವರು ಇನ್ನೊಂದನ್ನೂ ಕೇಳಿ: ಅರ್ಥವಾಗದಿದ್ದಾಗ ಕನ್ನಡದಲ್ಲಿ ಬಿಡಿಸಿ ಹೇಳುತ್ತಾರಾ? ನಮ್ಮ ಭಾಗದ ಹಳ್ಳಿ ಕಾಲೇಜುಗಳ ದೊಡ್ಡ ಗುಣ ಇದು. ಅಲ್ಲಿನ ಮೇಷ್ಟ್ರು ನಮ್ಮ ಊರಿನವರೇ, ಮಕ್ಕಳೂ ಹೆಚ್ಚಿನವರು ಹೊಲಮನೆಯಿಂದ ಬಂದವರು. ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಲೆಕ್ಚರು ಕೇಳಿ ಕುಗ್ಗಿದ ಮಗುವಿಗೆ ಕೈ ಎತ್ತಿ ಕೇಳಲು ಧೈರ್ಯ ಬರುವುದು ಇಂಥ ಕ್ಲಾಸಿನಲ್ಲೇ. ಆದರೆ ಇಂಗ್ಲಿಷ್ ಮಾತಾಡುವ ಅಭ್ಯಾಸ ತಾನಾಗಿ ಬರುವುದಿಲ್ಲ. ಅದಕ್ಕೆ ಮೊದಲ ವರ್ಷದಿಂದಲೇ ಬೇರೆ ಪ್ರಯತ್ನ ಬೇಕು.

ಪ್ಲೇಸ್‌ಮೆಂಟಿನ ಬೋರ್ಡು

ಗೇಟಿನ ಬೋರ್ಡಿನಲ್ಲಿ ನಗುವ ಫೋಟೋಗಳು, ಲಕ್ಷಗಳ ಪ್ಯಾಕೇಜು. ಅದರಿಂದ ಏನೂ ತಿಳಿಯುವುದಿಲ್ಲ. ನಿಮ್ಮ ಬ್ರ್ಯಾಂಚಿನಲ್ಲಿ ಕಳೆದ ಬ್ಯಾಚಿನ ಎಷ್ಟು ಜನ ಪಾಸಾದರು, ಅವರಲ್ಲಿ ಎಷ್ಟು ಜನಕ್ಕೆ ಆಫರ್ ಲೆಟರ್ ಬಂತು, ಎಷ್ಟು ಜನ ಕೆಲಸಕ್ಕೆ ಸೇರಿದರು? ಮೂರೂ ಬೇರೆ ಬೇರೆ ಸಂಖ್ಯೆ. ಒಬ್ಬನಿಗೇ ಮೂರು ಆಫರ್ ಬಂದರೆ ಮೂರು ಅಂತ ಎಣಿಸುವ ಕಡೆಯೂ ಇದೆ.

ಹಳ್ಳಿ ಕಾಲೇಜಿಗೆ ಕಂಪನಿಗಳು ನೇರವಾಗಿ ಬರುವುದು ಕಡಿಮೆ, ಇದನ್ನು ಮುಚ್ಚಿಡುವುದು ಬೇಡ. ಹಲವು ಕಾಲೇಜು ಸೇರಿಸಿ ಒಂದು ಕಡೆ ನಡೆಸುವ ಪೂಲ್ ಕ್ಯಾಂಪಸ್‌ಗೆ ಹೋಗಬೇಕಾಗುತ್ತದೆ. ಕಾಲೇಜು ಬಸ್ಸು ಮಾಡಿ ಕಳಿಸುತ್ತದಾ, ಸುದ್ದಿಯನ್ನಾದರೂ ಸಮಯಕ್ಕೆ ತಿಳಿಸುತ್ತದಾ ಕೇಳಿ. ಬಹಳ ಕಂಪನಿಗಳು ಹತ್ತನೇ ತರಗತಿ, ಪಿಯು, ಬಿಇ ಮೂರರಲ್ಲೂ 60% ಕೇಳುತ್ತವೆ, ಬ್ಯಾಕ್ ಉಳಿದಿರಬಾರದು ಅನ್ನುತ್ತವೆ. ಮೊದಲ ವರ್ಷ ನಾಲ್ಕು ಬ್ಯಾಕ್ ಉಳಿಸಿಕೊಂಡವನಿಗೆ ಹುಬ್ಬಳ್ಳಿಯ ಕಾಲೇಜೂ ಆ ಬಾಗಿಲು ತೆರೆದು ಕೊಡಲಾರದು.

ಕೊನೆಯ ವರ್ಷದ ಇಂಟರ್ನ್‌ಶಿಪ್ ಅನ್ನು ಈಗಲೇ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಹಳ್ಳಿ ಕಾಲೇಜಿನ ಕೊರತೆ ತುಂಬುವ ಜಾಗ ಅದೇ. ಮೇಲೆ ಹೇಳಿದ ಉಳಿತಾಯ 2,20,000 ಇದೆಯಲ್ಲ, ಅದರಲ್ಲಿ 50,000 ಒಂದು ಒಳ್ಳೆಯ ಲ್ಯಾಪ್‌ಟಾಪಿಗೆ. ಐದು ತಿಂಗಳು ಬೆಂಗಳೂರಿನಲ್ಲಿ ಇರಲು ತಿಂಗಳಿಗೆ 15,000ದಂತೆ 75,000. ಇನ್ನೂ 95,000 ಉಳಿಯಿತು. ಕಾಗದ ಕೊಟ್ಟು ಸರ್ಟಿಫಿಕೇಟ್ ಮಾತ್ರ ತರುವ ಇಂಟರ್ನ್‌ಶಿಪ್ ಬೇಡ. ಮೆಕ್ಯಾನಿಕಲ್‌ನವರಿಗೆ ಧಾರವಾಡದಲ್ಲಿ ಟಾಟಾ ಮೋಟಾರ್ಸ್ ಇದೆ, ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದಲ್ಲಿ ಸಣ್ಣ ದೊಡ್ಡ ಕಾರ್ಖಾನೆಗಳಿವೆ. ಗದಗ ಸುತ್ತ ಗಾಳಿ ವಿದ್ಯುತ್ತಿನ ಫ್ಯಾನುಗಳು ತಿರುಗುತ್ತಿವೆ, ಎಲೆಕ್ಟ್ರಿಕಲ್ ಓದುವವರಿಗೆ ಮನೆ ಬಾಗಿಲಲ್ಲೇ ಇರುವ ವಿಷಯ.

ಬ್ರ್ಯಾಂಚು

ಇದರಲ್ಲಿ ನನ್ನ ಅಭಿಪ್ರಾಯ ಚಿಕ್ಕದು. ಎಲ್ಲರೂ ಕಂಪ್ಯೂಟರ್ ಸೈನ್ಸ್ ಕೇಳುತ್ತಾರೆ ಅಂತ ನೀವೂ ಕೇಳಬೇಕಿಲ್ಲ. ಆದರೆ ಹಳ್ಳಿ ಕಾಲೇಜಿನಲ್ಲಿ ಆರೆಂಟು ಜನ ಮಾತ್ರ ಸೇರಿರುವ ಬ್ರ್ಯಾಂಚಿಗೆ ಹೋಗುವಾಗ ಹುಷಾರು. ಅಷ್ಟು ಚಿಕ್ಕ ಕ್ಲಾಸಿಗೆ ಪೂರ್ತಿ ಬೋಧಕರನ್ನು ಇಟ್ಟುಕೊಳ್ಳುವುದು ಕಾಲೇಜಿಗೆ ಕಷ್ಟ. ಸಿವಿಲ್ ಇಷ್ಟ, ಮುಂದೆ ಲೋಕೋಪಯೋಗಿ ಇಲಾಖೆ, ನೀರಾವರಿ ಅಂತ ಸರ್ಕಾರಿ ಪರೀಕ್ಷೆ ಬರೆಯುವ ಮನಸ್ಸು ಅಂತಿದ್ದರೆ ಸರ್ಕಾರಿ ಕಾಲೇಜಿನ ಸಿವಿಲ್ ಮೊದಲು ನೋಡಿ. ಹೊಸದಾಗಿ ತೆರೆದ ಎಐ, ಡೇಟಾ ಸೈನ್ಸ್ ಬ್ರ್ಯಾಂಚಿಗೆ ಕಲಿಸುವವರು ಯಾರು ಅಂತ ಕೇಳದೆ ಸೇರಬೇಡಿ.

ಹಾಗಾದರೆ ಯಾರಿಗೆ ಯಾವುದು

ಮನೆ ಹಾವೇರಿ ಕಡೆ, ದೇವಗಿರಿಯ ಸರ್ಕಾರಿ ಕಾಲೇಜಿನಲ್ಲಿ ಬೇಕಾದ ಬ್ರ್ಯಾಂಚು ಸಿಗುತ್ತಿದೆ ಅಂದರೆ ಬೇರೆ ಯೋಚನೆ ಬೇಡ ಅನ್ನುತ್ತೇನೆ. ಗದಗ ಸುತ್ತಲಿನ ಹುಡುಗಿ, ಇಲೆಕ್ಟ್ರಾನಿಕ್ಸ್ ಇಷ್ಟ, ಮನೆಯಿಂದ ಮುಕ್ಕಾಲು ಗಂಟೆಯಲ್ಲಿ ಮುಟ್ಟುವ ಹಳ್ಳಿ ಕಾಲೇಜಿನಲ್ಲಿ ಎಸ್‌ಎನ್‌ಕ್ಯೂ ಸೀಟು, ವಿಭಾಗ ನೋಡಿದರೆ ಚೆನ್ನಾಗಿದೆ: ಧೈರ್ಯವಾಗಿ ಸೇರಲಿ. ಎಸ್‌ಡಿಎಂನಂಥ ಸ್ವಾಯತ್ತ ಕಾಲೇಜಿನಲ್ಲಿ ಎರಡನೇ ಇಷ್ಟದ ಬ್ರ್ಯಾಂಚು, ಹಳ್ಳಿಯಲ್ಲಿ ಮೊದಲ ಇಷ್ಟದ್ದು ಅಂತ ಬಂದರೆ, ಧಾರವಾಡದ ಹಾಸ್ಟೆಲ್ ಖರ್ಚು ತಡೆಯುವವರು ಧಾರವಾಡಕ್ಕೇ ಹೋಗಲಿ. ಜೊತೆಯಲ್ಲಿ ಓದುವವರ ಮಟ್ಟಕ್ಕೂ ಬೆಲೆ ಇದೆ. ಆದರೆ ಹೊಲ ಅಡವಿಟ್ಟು ಮ್ಯಾನೇಜ್‌ಮೆಂಟ್ ಸೀಟು ಅನ್ನುವ ಮಾತು ಬಂದರೆ ಯಾವ ಕಾಲೇಜಿಗೂ ಬೇಡ. ಬೇಕಿದ್ದರೆ ಡಿಪ್ಲೊಮಾ ಮಾಡಿ ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಬರುವ ದಾರಿ ತೆರೆದೇ ಇದೆ.

ಆಪ್ಷನ್ ಎಂಟ್ರಿಗೆ ಕೂರುವಾಗ

ಕಾಲೇಜು, ಬ್ರ್ಯಾಂಚುಗಳ ಇಷ್ಟದ ಪಟ್ಟಿಯನ್ನು ಸೈಬರ್‌ನಲ್ಲಿ ಯಾರೋ ತುಂಬಿಕೊಡಲಿ ಅಂತ ಬಿಡಬೇಡಿ. ಕಳೆದ ವರ್ಷದ ಕಟಾಫ್ ಎಲ್ಲ ಸುತ್ತಿನದ್ದೂ ಕೆಇಎ ಸೈಟಿನಲ್ಲಿದೆ. ನಿಮ್ಮ ಕೋಡಿನ ಕಾಲಂ ನೋಡಿ. 2ಎಜಿ ಬೇರೆ, 2ಎಆರ್ ಬೇರೆ, 2ಎಕೆ ಬೇರೆ. ಜಿ ಅಂದರೆ ಸಾಮಾನ್ಯ, ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ ಮಾಧ್ಯಮ. ಗ್ರಾಮೀಣ 15%, ಕನ್ನಡ ಮಾಧ್ಯಮ 5%. ಎರಡಕ್ಕೂ 1ರಿಂದ 10ನೇ ತರಗತಿವರೆಗೆ ಪೂರ್ತಿ ಹತ್ತು ವರ್ಷದ ಓದು ಬೇಕು. ಏಳರವರೆಗೆ ಹಳ್ಳಿಯಲ್ಲಿ ಓದಿ ಹೈಸ್ಕೂಲಿಗೆ ಗದಗ ಶಹರಕ್ಕೆ ಬಂದಿದ್ದರೆ ಗ್ರಾಮೀಣ ಸಿಗುವುದಿಲ್ಲ. ಪ್ರಮಾಣಪತ್ರಕ್ಕೆ ಶಾಲೆಯ ಸಹಿ, ಬಿಇಒ ಸಹಿ ಎರಡೂ ಬೇಕು. ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯಿಂದಲೂ ಬರಬೇಕು. ರಿಸಲ್ಟಿನ ವಾರದಲ್ಲಿ ಬಿಇಒ ಕಚೇರಿಯ ಮುಂದೆ ಸಾಲು ಇರುತ್ತದೆ, ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ.

ಪಟ್ಟಿಯಲ್ಲಿ ನಿಜವಾಗಿ ಬೇಕಾದ್ದನ್ನು ಮೇಲೆ ಹಾಕಿ, ಸಿಗುವ ಸಾಧ್ಯತೆ ಕಡಿಮೆ ಅನಿಸಿದರೂ ಪರವಾಗಿಲ್ಲ. ಮೇಲಿನದು ಸಿಗದಿದ್ದರೆ ಕೆಳಗಿನದಕ್ಕೆ ನಷ್ಟವಿಲ್ಲ. ನೀವು ಹೋಗಿ ನೋಡಿ ಬೇಡ ಅಂದುಕೊಂಡ ವಿಭಾಗವನ್ನು ಮಾತ್ರ ಪಟ್ಟಿಯಲ್ಲೇ ಇಡಬೇಡಿ, “ಸುಮ್ನೆ ಇರಲಿ” ಅಂತ ಹಾಕಿದ್ದೇ ಸಿಕ್ಕಿಬಿಡುತ್ತದೆ. ಮಾಕ್ ಅಲಾಟ್‌ಮೆಂಟ್ (ಅಣಕು ಸೀಟು ಹಂಚಿಕೆ) ಬಂದ ಮೇಲೆ ಕ್ರಮ ಬದಲಿಸಲು ಅವಕಾಶ ಇದೆ. ನಿಜವಾದ ಸುತ್ತಿನಲ್ಲಿ ಸೀಟು ಬಂದಾಗ ಚಾಯ್ಸ್ 1 ಅಂದರೆ ಒಪ್ಪಿ ಕಾಲೇಜಿಗೆ ಸೇರುವುದು, 2 ಅಂದರೆ ಸೀಟು ಇಟ್ಟುಕೊಂಡು ಮೇಲಿನದಕ್ಕೆ ಕಾಯುವುದು, 3 ಅಂದರೆ ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, 4 ಅಂದರೆ ಪೂರ್ತಿ ಹೊರಗೆ. ನೋಡಿ ಬಂದ ಹಳ್ಳಿ ಕಾಲೇಜಿನ ಸೀಟು ಮೊದಲ ಸುತ್ತಿನಲ್ಲೇ ಬಂದು, ಮೇಲೆ ಇನ್ನೂ ಒಂದೆರಡು ಆಸೆ ಇದ್ದರೆ 2 ಒತ್ತಿ. 3 ಒತ್ತುವ ಮುಂಚೆ ಮನೆಯವರೆಲ್ಲ ಕೂತು ಇನ್ನೊಮ್ಮೆ ಮಾತಾಡಿ, ಬಿಟ್ಟ ಸೀಟು ತಿರುಗಿ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ.